ಹಳೆಯ ಮದರ್‌ಬೋರ್ಡಿಗೆ ಹೊಸ ಹಾರ್ಡ್ ಡಿಸ್ಕಿನ ಗುರುತು ಹಿಡಿಸುವ ಬಗೆ

ಬದಿಯಡ್ಕದ ಸಮೀಪ ನನ್ನ ಸೋದರಮಾವನ ಚಿಕ್ಕದೊಂದು ಮುದ್ರಣಾಲಯವಿದೆ. ಮದುವೆಯ ಆಮಂತ್ರಣ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶೋತ್ಸವದ ಪುಸ್ತಿಕೆ ಇತ್ಯಾದಿ ಕೆಲಸಗಳೆಲ್ಲ ಅಲ್ಲಿ 2005ರ ಹೊತ್ತಿನ ಒಂದು ಕಂಪ್ಯೂಟರಿನಲ್ಲೇ ಈಗಲೂ ನಡೆಯುತ್ತಿವೆ. ಅದನ್ನು ಇಟ್ಟುಕೊಂಡಿರುವುದು ಜಿಪುಣತನದಿಂದಲ್ಲ. ಅದರೊಳಗಿನ ಕನ್ನಡ ಡಿಟಿಪಿ ತಂತ್ರಾಂಶವು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ ಇಲ್ಲದೆ ತೆರೆದುಕೊಳ್ಳುವುದಿಲ್ಲ, ಆ ಪೋರ್ಟು ಹೊಸ ಯಂತ್ರಗಳಲ್ಲಿ ಇಲ್ಲ, ಮತ್ತು ಇಪ್ಪತ್ತು ವರ್ಷಗಳಲ್ಲಿ ಜೋಡಿಸಿದ ಪುಟಗಳೆಲ್ಲ ಆ ತಂತ್ರಾಂಶದ ಅಕ್ಷರಗಳಲ್ಲೇ ಇವೆ. ಪತ್ತನಾಜೆ (ಮೇ ಕೊನೆಗೆ ಯಕ್ಷಗಾನ, ಉತ್ಸವಗಳ ಋತು ಮುಗಿಯುವ ದಿನ) ಕಳೆದು ಕೆಲಸ ಇಳಿದ ಮೇಲೆ ಅದರ 80 ಜಿಬಿಯ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು. ಬೇರೊಂದು ಯಂತ್ರದಿಂದ ಕಳಚಿಟ್ಟಿದ್ದ 500 ಜಿಬಿಯ ಸಾಟಾ (ತೆಳು ಕೇಬಲಿನಲ್ಲಿ ಜೋಡಿಸುವ ಹೊಸ ಬಗೆಯ) ಡಿಸ್ಕನ್ನು ಜೋಡಿಸಿದರೆ ಪರದೆಯಲ್ಲಿ ಅದರ ಸುಳಿವೇ ಇರಲಿಲ್ಲ. ಪೇಟೆಯ ರಿಪೇರಿ ಅಂಗಡಿಯಲ್ಲಿ ಬೋರ್ಡ್ ಹೋಗಿದೆ ಎಂದರು. ಬೋರ್ಡ್ ಹೋಗಿರಲಿಲ್ಲ.

ಹಾರ್ಡ್ ಡಿಸ್ಕ್ ಕಾಣುವುದಿಲ್ಲ ಎಂಬುದು ಒಂದೇ ದೂರಾದರೂ ಅದರ ಹಿಂದೆ ಬೇರೆ ಬೇರೆ ನಿಲುಗಡೆಗಳಿರುತ್ತವೆ. ಡಿಸ್ಕು ಮೊದಲು ತಿರುಗಬೇಕು, ಆಮೇಲೆ ಬೋರ್ಡಿನ ಚಿಪ್ಪಿನೊಡನೆ ಅದರ ಮಾತು ಕೂಡಬೇಕು, ಬಯೋಸ್ (ಚಾಲೂ ಮಾಡಿದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಅದರ ಹೆಸರನ್ನು ಓದಬೇಕು, ಗಾತ್ರವನ್ನು ಸರಿಯಾಗಿ ಲೆಕ್ಕ ಹಾಕಬೇಕು, ಕೊನೆಗೆ ವಿಂಡೋಸ್ ಅದನ್ನು ಸ್ವೀಕರಿಸಬೇಕು. ಎಲ್ಲಿ ನಿಂತಿದೆ ಎಂದು ತಿಳಿಯದೆ ಕೇಬಲ್ ಬದಲಿಸುತ್ತ, ವಿಂಡೋಸ್ ಮತ್ತೆ ಮತ್ತೆ ಹಾಕುತ್ತ ಕುಳಿತರೆ ದಿನ ಕಳೆಯುತ್ತದೆಯೇ ಹೊರತು ಕೆಲಸ ಆಗುವುದಿಲ್ಲ.

ಯಾವುದಕ್ಕೂ ಮೊದಲು ಹಳೆಯ ಡಿಸ್ಕಿನಲ್ಲಿರುವುದನ್ನು ಬೇರೆ ಕಡೆಗೆ ನಕಲು ಮಾಡಿಕೊಳ್ಳಬೇಕು. ಸದ್ದು ಮಾಡುವ ಡಿಸ್ಕನ್ನು ಪದೇ ಪದೇ ಚಾಲೂ ಮಾಡಿ ಪರೀಕ್ಷಿಸುವುದು ಅಪಾಯ. ಬಳಿಕ ಪ್ಲಗ್ ಕಿತ್ತು, ಕ್ಯಾಬಿನೆಟ್ ತೆರೆದು, ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ನೋಡಬೇಕು. ಅದು 3 ವೋಲ್ಟಿನದು. ಕಾಸರಗೋಡಿನ ಕಡೆಯ ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಆಗಿರುವ ಯಂತ್ರಗಳಲ್ಲಿ ಇದು ಸತ್ತಿರುವುದೇ ಹೆಚ್ಚು. ಬ್ಯಾಟರಿ ಸತ್ತರೆ ನೀವು ಬಯೋಸಿನಲ್ಲಿ ಮಾಡಿದ ಬದಲಾವಣೆಗಳನ್ನು ಬೋರ್ಡ್ ಮರೆತುಬಿಡುತ್ತದೆ, ಆಗ ನಿನ್ನೆ ಕಂಡ ಡಿಸ್ಕು ಇಂದು ಕಾಣದೆ ಹೋಗುವುದೂ ಉಂಟು. ಹೊಸ ಬ್ಯಾಟರಿ ಹಾಕಿಯೇ ಮುಂದುವರಿಯುವುದು ಲೇಸು.

ಈಗ ಡಿಸ್ಕನ್ನು ಜೋಡಿಸಿ, ಕಂಪ್ಯೂಟರ್ ಚಾಲೂ ಮಾಡಿ, ಡಿಸ್ಕಿನ ಬದಿಗೆ ಬೆರಳು ಒತ್ತಿ ಹಿಡಿಯಬೇಕು. ತಿರುಗುವ ಡಿಸ್ಕಾದರೆ ಸಣ್ಣ ನಡುಕ ಬೆರಳಿಗೆ ತಿಳಿಯುತ್ತದೆ. ನಡುಕವೇ ಇಲ್ಲದಿದ್ದರೆ ತೊಂದರೆ ಕರೆಂಟಿನದ್ದು, ಬಯೋಸಿನದ್ದಲ್ಲ. ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) ದುರ್ಬಲವಾಗಿದ್ದರೆ ಡಿಸ್ಕು ಏಳಲು ಪ್ರಯತ್ನಿಸಿ ಬಿದ್ದಂತೆ ಸದ್ದು ಮಾಡುತ್ತದೆ, ಏಕೆಂದರೆ ದೊಡ್ಡ ಡಿಸ್ಕು ತಿರುಗಲು ಆರಂಭಿಸುವ ಕ್ಷಣದಲ್ಲಿ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆದರೆ ಡಿಸ್ಕು ಪೂರ್ತಿ ಮೌನವಾಗಿದ್ದು, ಅದು ಇತ್ತೀಚಿನದಾಗಿದ್ದರೆ, ಅದರಲ್ಲೂ ಹೊರಗಿನ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದದ್ದಾಗಿದ್ದರೆ, ಬೇರೆಯದೇ ಒಂದು ಕಾರಣವಿರಬಹುದು.

ಸಾಟಾ ಪವರ್ ಕನೆಕ್ಟರಿನಲ್ಲಿ 15 ಪಿನ್ನುಗಳಿವೆ. ಮೊದಲ ಮೂರು ಹಿಂದೆ 3.3 ವೋಲ್ಟಿಗೆ ಮೀಸಲಾಗಿದ್ದವು. 2016ರಲ್ಲಿ ಬಂದ ಸಾಟಾ 3.3 ನಿಯಮಾವಳಿಯಲ್ಲಿ ಮೂರನೆಯ ಪಿನ್ನಿಗೆ ಹೊಸ ಕೆಲಸ ಕೊಟ್ಟರು: ಆ ಪಿನ್ನಿಗೆ ವೋಲ್ಟೇಜ್ ಬಂದರೆ ಡಿಸ್ಕು ನಿಲ್ಲಬೇಕು. ದೊಡ್ಡ ಸರ್ವರುಗಳಲ್ಲಿ ಡಿಸ್ಕನ್ನು ದೂರದಿಂದಲೇ ಆರಿಸಿ ಎಬ್ಬಿಸಲು ಇದು ಅನುಕೂಲ. ಹಳೆಯ ಎಸ್‌ಎಂಪಿಎಸ್ಸಿಗೆ ಈ ಒಪ್ಪಂದ ಗೊತ್ತಿಲ್ಲ, ಅದು ಕಿತ್ತಳೆ ಬಣ್ಣದ ತಂತಿಯಲ್ಲಿ 3.3 ವೋಲ್ಟನ್ನು ಸದಾ ಕಳುಹಿಸುತ್ತಲೇ ಇರುತ್ತದೆ, ಡಿಸ್ಕು ಅದನ್ನು ನಿಲ್ಲು ಎಂಬ ಆಜ್ಞೆಯೆಂದು ತಿಳಿದು ಸುಮ್ಮನೆ ಮಲಗಿರುತ್ತದೆ. ಪರಿಹಾರ ಎರಡು ಬಗೆಯದು. ಹಳೆಯ ನಾಲ್ಕು ತಂತಿಯ ಮೋಲೆಕ್ಸ್ ಕನೆಕ್ಟರಿನಿಂದ ಸಾಟಾ ಪವರಿಗೆ ಬದಲಿಸುವ ಕೇಬಲ್ ಹಾಕಬಹುದು. ಅದರಲ್ಲಿ ಹಳದಿ, ಕೆಂಪು ಮತ್ತು ಎರಡು ಕಪ್ಪು ತಂತಿಗಳಷ್ಟೇ ಇರುವುದರಿಂದ 3.3 ವೋಲ್ಟಿನ ಪ್ರಶ್ನೆಯೇ ಏಳುವುದಿಲ್ಲ. ಆದರೆ ತಂತಿಗಳನ್ನು ಒಳಗಿಟ್ಟು ಪ್ಲಾಸ್ಟಿಕ್ ಎರೆದು ಮುಚ್ಚಿದ ಅಗ್ಗದ ಕೇಬಲುಗಳು ಒಳಗೊಳಗೇ ತಾಗಿ ಸುಟ್ಟ ಉದಾಹರಣೆಗಳು ಇರುವುದರಿಂದ, ಪ್ರತಿಯೊಂದು ತಂತಿಯನ್ನೂ ಪ್ರತ್ಯೇಕವಾಗಿ ಒತ್ತಿ ಕೂರಿಸಿದಂತೆ ಹೊರಗಿನಿಂದ ಕಾಣುವ ಕೇಬಲನ್ನೇ ಆರಿಸಬೇಕು. ಇನ್ನೊಂದು ಬಗೆ, ಡಿಸ್ಕಿನ ಪವರ್ ಕನೆಕ್ಟರಿನ ಮೂರನೆಯ ಪಿನ್ನನ್ನು ಕ್ಯಾಪ್ಟಾನ್ ಎಂಬ, ಬಿಸಿ ತಾಳುವ ಟೇಪಿನಿಂದ ಮುಚ್ಚುವುದು. ಎಣಿಕೆಯನ್ನು ಡೇಟಾ ಕನೆಕ್ಟರ್ ಇರುವ ಕಡೆಯಿಂದ ಆರಂಭಿಸಬೇಕು. ಒಂದೇ ಪಿನ್ನಿನ ಅಗಲಕ್ಕೆ ಟೇಪು ಕತ್ತರಿಸುವುದು ಕಷ್ಟವೆನಿಸಿದರೆ ಮೊದಲ ಮೂರನ್ನೂ ಒಟ್ಟಿಗೆ ಮುಚ್ಚಿದರೂ ಈ ಡಿಸ್ಕುಗಳಿಗೆ ತೊಂದರೆಯಿಲ್ಲ. ಮಾಮೂಲಿ ಸೆಲ್ಲೋ ಟೇಪು ಬೇಡ; ಬಿಸಿಗೆ ಅದರ ಅಂಟು ಜಾರುತ್ತದೆ.

ಡಿಸ್ಕು ತಿರುಗುತ್ತಿದೆ, ಆದರೂ ಎಲ್ಲಿಯೂ ಹೆಸರಿಲ್ಲ ಎಂದಾದರೆ ಮುಂದಿನ ನಿಲುಗಡೆಗೆ ಬಂದಂತಾಯಿತು. ಮಾವನ ಯಂತ್ರ ನಿಂತಿದ್ದದ್ದು ಇಲ್ಲೇ. ಮೊದಲ ತಲೆಮಾರಿನ ಸಾಟಾದ ವೇಗ ಸೆಕೆಂಡಿಗೆ 1.5 ಗಿಗಾಬಿಟ್, ಎರಡನೆಯದ್ದು 3, ಮೂರನೆಯದ್ದು 6. ನಿಯಮದ ಪ್ರಕಾರ ಇವು ಒಂದರೊಡನೊಂದು ಹೊಂದಿಕೊಳ್ಳಬೇಕು. ಡಿಸ್ಕು ಮತ್ತು ಚಿಪ್ಪು ಮಾತಾಡಿಕೊಂಡು ಇಬ್ಬರಿಗೂ ಸಾಧ್ಯವಾದ ವೇಗಕ್ಕೆ ಇಳಿಯಬೇಕು. ಆದರೆ ವಿಯಾ ಕಂಪನಿಯ ವಿಟಿ8237, ವಿಟಿ8237ಆರ್, ವಿಟಿ6420, ವಿಟಿ6421ಎಲ್ ಚಿಪ್ಪುಗಳೂ ಎಸ್‌ಐಎಸ್ ಕಂಪನಿಯ 760 ಮತ್ತು 964 ಚಿಪ್ಪುಗಳೂ ಈ ಮಾತುಕತೆಯಲ್ಲಿ ಎಡವುತ್ತವೆ. ಡಿಸ್ಕು 3 ಗಿಗಾಬಿಟ್ಟಿನಲ್ಲಿ ಕರೆಯುತ್ತದೆ, ಚಿಪ್ಪಿಗೆ ಅದು ಅರ್ಥವಾಗುವುದಿಲ್ಲ. ಪರದೆಯಲ್ಲಿ ಯಾವ ದೋಷದ ಸಂದೇಶವೂ ಬರುವುದಿಲ್ಲ, ಡಿಸ್ಕೇ ಇಲ್ಲವೆಂಬಂತೆ ಯಂತ್ರ ಮುಂದೆ ಸಾಗುತ್ತದೆ. ನಿಮ್ಮ ಬೋರ್ಡಿನಲ್ಲಿ ಯಾವ ಚಿಪ್ಪಿದೆಯೆಂದು ತಿಳಿಯಲು ಟಾರ್ಚ್ ಹಿಡಿದು ಸಾಟಾ ಕನೆಕ್ಟರುಗಳ ಸಮೀಪವಿರುವ ದೊಡ್ಡ ಚೌಕದ ಚಿಪ್ಪಿನ ಮೇಲಿನ ಬರಹವನ್ನು ಓದಿದರೆ ಸಾಕು. ಧೂಳು ಕೂತಿದ್ದರೆ ಒಣ ಕುಂಚದಿಂದ ಒರಸಿಕೊಳ್ಳಿ.

ಇದಕ್ಕೆ ಮದ್ದು ಡಿಸ್ಕಿನ ಹಿಂಬದಿಯಲ್ಲೇ ಇದೆ. ಸಾಟಾ ಕನೆಕ್ಟರಿನ ಪಕ್ಕದಲ್ಲಿ ಸಣ್ಣ ಪಿನ್ನುಗಳ ಗುಂಪೊಂದು ಕಾಣುತ್ತದೆ. 3 ಗಿಗಾಬಿಟ್ ತಲೆಮಾರಿನ ವೆಸ್ಟರ್ನ್ ಡಿಜಿಟಲ್ ಡಿಸ್ಕುಗಳಲ್ಲಿ 5 ಮತ್ತು 6ನೆಯ ಪಿನ್ನುಗಳಿಗೆ ಜಂಪರ್ ಹಾಕಿದರೆ ಡಿಸ್ಕು 1.5 ಗಿಗಾಬಿಟ್ಟಿಗೆ ಇಳಿಯುತ್ತದೆ. ಅದೇ ಕಾಲದ ಸೀಗೇಟ್ ಡಿಸ್ಕುಗಳಲ್ಲಿಯೂ ಇಂಥ ಜಂಪರ್ ಇದೆ. ಡಿಸ್ಕಿನ ಮೇಲಿನ ಲೇಬಲ್ಲಿನಲ್ಲಿ ಚಿತ್ರವಿರುತ್ತದೆ, ಅದನ್ನು ನೋಡದೆ ಅಂದಾಜಿನ ಮೇಲೆ ಜಂಪರ್ ಕೂರಿಸಬಾರದು, ಏಕೆಂದರೆ ಪಕ್ಕದ ಪಿನ್ನುಗಳಿಗೆ ಬೇರೆ ಕೆಲಸಗಳಿವೆ. ಜಂಪರ್ ಎಂದರೆ ಕಡಲೆಕಾಳಿಗಿಂತಲೂ ಚಿಕ್ಕದಾದ, ಒಳಗೆ ಲೋಹವಿರುವ ಪ್ಲಾಸ್ಟಿಕ್ ಟೊಪ್ಪಿ. ಸಾಟಾ ಡಿಸ್ಕಿನ ಪಿನ್ನುಗಳಿಗೆ ಹಳೆಯ ಐಡಿಇ (ಸಾಟಾಕ್ಕಿಂತ ಹಿಂದಿನ, ಅಗಲ ಪಟ್ಟಿ ಕೇಬಲಿನ) ಡಿಸ್ಕುಗಳ ದಪ್ಪ ಜಂಪರ್ ಹೆಚ್ಚಾಗಿ ಸರಿಹೊಂದುವುದಿಲ್ಲ. ನಾನು ಕೆಟ್ಟುಹೋದ ಲ್ಯಾಪ್‌ಟಾಪ್ ಡಿಸ್ಕೊಂದರಿಂದ ಜಂಪರನ್ನು ಚಿಮುಟದಲ್ಲಿ ಕಿತ್ತು, ಮಾವನ ಡಿಸ್ಕಿಗೆ ಒತ್ತಿ ಕೂರಿಸಿದೆ. ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ ಡಿಸ್ಕಿನ ಮಾಡೆಲ್ ಸಂಖ್ಯೆ ಮೂಡಿತು. “ಬಂತಲ್ಲ ಮಾರಾಯ, ಇಷ್ಟೇಯಾ?” ಎಂದರು ಮಾವ. ಇಷ್ಟೇ. ವೇಗ ಅರ್ಧವಾಯಿತೆಂದು ಕೊರಗಬೇಕಾಗಿಯೂ ಇಲ್ಲ, 1.5 ಗಿಗಾಬಿಟ್ ಎಂದರೆ ಸೆಕೆಂಡಿಗೆ 150 ಎಂಬಿಯ ದಾರಿ, ಆ ಕಾಲದ ತಿರುಗುವ ಡಿಸ್ಕುಗಳಿಗೆ ಅದು ಸಾಕಾಗುತ್ತದೆ.

ಡಿಸ್ಕಿನಲ್ಲಿ ಪಿನ್ನುಗಳೇ ಇಲ್ಲದಿದ್ದರೆ ತಂತ್ರಾಂಶದ ದಾರಿಯಿದೆ. ಹಿಟಾಚಿ ಡಿಸ್ಕುಗಳಿಗೆ ಫೀಚರ್ ಟೂಲ್ ಎಂಬುದಿತ್ತು, ಸೀಗೇಟ್ ಡಿಸ್ಕುಗಳ ವೇಗವನ್ನು ಸೀಚೆಸ್ಟ್ ಎಂಬ ಉಪಕರಣದಿಂದ ಇಳಿಸಬಹುದು. ಇದನ್ನು ಡಿಸ್ಕು ಕಾಣುವ ಬೇರೊಂದು ಕಂಪ್ಯೂಟರಿನಲ್ಲಿ ಮಾಡಿ, ಪವರ್ ಪೂರ್ತಿ ತೆಗೆದು, ಆಮೇಲೆ ಹಳೆಯ ಯಂತ್ರಕ್ಕೆ ಜೋಡಿಸಬೇಕು.

ಬಯೋಸಿನಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ. ಆನ್‌ಚಿಪ್ ಸಾಟಾ ಎಂಬುದು ಎನೇಬಲ್ಡ್ ಆಗಿರಬೇಕು. ಡಿಸ್ಕಿನೊಡನೆ ಮಾತಾಡುವ ಕ್ರಮಕ್ಕೆ ಐಡಿಇ (ಹಳೆಯದು) ಮತ್ತು ಎಎಚ್‌ಸಿಐ (ಹೊಸದು) ಎಂಬ ಆಯ್ಕೆಯಿದ್ದರೆ ವಿಂಡೋಸ್ ಎಕ್ಸ್‌ಪಿಗೆ ಐಡಿಇಯನ್ನೇ ಆರಿಸಬೇಕು, ಇಲ್ಲವಾದರೆ ನೀಲಿ ಪರದೆ ಬಂದು ನಿಲ್ಲುತ್ತದೆ. ವಿಯಾ ಬೋರ್ಡುಗಳಲ್ಲಿ ಒಂದು ವಿಚಿತ್ರವಿದೆ: ಸಾಟಾ ಡಿಸ್ಕಿನ ಹೆಸರು ಬಯೋಸಿನ ಮುಖ್ಯ ಪಟ್ಟಿಯಲ್ಲಿ ಬಾರದೆ, ಅದರ ಬಳಿಕ ಕ್ಷಣಕಾಲ ಮಿನುಗುವ ರೈಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಪರದೆಯಲ್ಲಿ ಮಾತ್ರ ಬರಬಹುದು. ಮುಖ್ಯ ಪಟ್ಟಿ ಖಾಲಿಯೆಂದು ಕೈಬಿಡುವ ಮೊದಲು ಆ ಪರದೆಯನ್ನು ಗಮನಿಸಿ. ಅಂಥ ಬೋರ್ಡಿನಲ್ಲಿ ಎಕ್ಸ್‌ಪಿಯನ್ನು ಹೊಸದಾಗಿ ಹಾಕುವಾಗ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಾಗುತ್ತದೆ.

ಹೆಸರು ಬಂತು, ಗಾತ್ರ ತಪ್ಪು ಎಂದಾದರೆ ತಪ್ಪಿನ ಅಂಕಿಯೇ ಕಾರಣವನ್ನು ಹೇಳುತ್ತದೆ. 1 ಟಿಬಿಯ ಡಿಸ್ಕು ವಿಂಡೋಸಿನಲ್ಲಿ 931 ಜಿಬಿ ಎಂದು ಕಂಡರೆ ಅದು ತಪ್ಪಲ್ಲ, ಎಣಿಸುವ ಕ್ರಮದ ವ್ಯತ್ಯಾಸವಷ್ಟೆ. 128 ಅಥವಾ 137 ಜಿಬಿಯಲ್ಲಿ ನಿಂತಿದ್ದರೆ ಅದು 28 ಬಿಟ್ ವಿಳಾಸದ ಮಿತಿ: 512 ಬೈಟಿನ ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ತುಂಡುಗಳನ್ನು) 28 ಬಿಟ್ಟುಗಳಲ್ಲಿ ಎಣಿಸಿದರೆ 137,438,953,472 ಬೈಟಿಗೆ ಲೆಕ್ಕ ಮುಗಿಯುತ್ತದೆ. ಬೋರ್ಡ್ ತಯಾರಕರು ಬಯೋಸ್ ಅಪ್‌ಡೇಟ್ ಕೊಟ್ಟಿದ್ದರೆ 48 ಬಿಟ್ಟಿನ ಎಣಿಕೆ ಬರುತ್ತದೆ. ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೆ ಬೋರ್ಡ್ ಏಳದೇ ಹೋಗಬಹುದು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಸಿಡಿಲು ಗುಡುಗುವ ಹೊತ್ತಿನಲ್ಲಿ ಆ ಸಾಹಸ ಬೇಡ, ಯುಪಿಎಸ್ ಇದ್ದರೂ ಬೇಡ. ಬಯೋಸಿನ ಜೊತೆಗೆ ವಿಂಡೋಸ್ ಎಕ್ಸ್‌ಪಿಗೂ ಕನಿಷ್ಠ ಸರ್ವಿಸ್ ಪ್ಯಾಕ್ 1 ಇರಬೇಕು. ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು: 28 ಬಿಟ್ಟಷ್ಟೇ ಎಣಿಸಬಲ್ಲ ವ್ಯವಸ್ಥೆ ದೊಡ್ಡ ಡಿಸ್ಕಿನ ಮಿತಿ ದಾಟಿ ಬರೆಯಹೊರಟರೆ ಎಣಿಕೆ ಸುತ್ತಿ ಮೊದಲಿಗೆ ಬಂದು, ಆರಂಭದ ಫೈಲುಗಳ ಮೇಲೆಯೇ ಬರೆದುಬಿಡಬಹುದು.

ಮುಂದಿನ ಗಡಿ 2.2 ಟಿಬಿ. ಎಂಬಿಆರ್ ಎಂಬ ಹಳೆಯ ವಿಭಜನಾ ಕ್ರಮದಲ್ಲಿ 32 ಬಿಟ್ಟಿನ ಎಣಿಕೆಯಿರುವುದರಿಂದ ಅದಕ್ಕಿಂತ ಆಚೆಗಿನ ಜಾಗ ಸಿಗುವುದಿಲ್ಲ. 3 ಟಿಬಿಯ ಡಿಸ್ಕು 746 ಜಿಬಿ ಎಂದು ಕಂಡರೆ ಹಳೆಯ ಡ್ರೈವರ್ ಈ ಗಡಿಯಲ್ಲಿ ಸುತ್ತಿಬಿದ್ದಿದೆ ಎಂದರ್ಥ. ಅದರ ಬದಲಿಗೆ ಬಂದ ಜಿಪಿಟಿ ಎಂಬ ಹೊಸ ಕ್ರಮಕ್ಕೆ ಈ ಮಿತಿಯಿಲ್ಲ. ವಿಂಡೋಸ್ 7 ಹಳೆಯ ಬಯೋಸಿನಲ್ಲಿಯೂ ಜಿಪಿಟಿ ಡಿಸ್ಕನ್ನು ದಾಸ್ತಾನಿಗೆ ಬಳಸುತ್ತದೆ, ಆದರೆ ಅದರಿಂದ ಬೂಟ್ ಆಗುವುದಿಲ್ಲ, ಎಂದರೆ ವಿಂಡೋಸ್ ಚಾಲೂ ಆಗುವುದಿಲ್ಲ. 32 ಬಿಟ್ಟಿನ ಎಕ್ಸ್‌ಪಿಯಂತೂ ಜಿಪಿಟಿಯನ್ನು ಓದುವುದೇ ಇಲ್ಲ. ಆದ್ದರಿಂದ ಎಕ್ಸ್‌ಪಿ ಓಡುವ ಯಂತ್ರಕ್ಕೆ 2 ಟಿಬಿಗಿಂತ ದೊಡ್ಡ ಡಿಸ್ಕ್ ಕೊಳ್ಳುವುದು ಹಣ ದಂಡ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡಿಯೂ ಬೋರ್ಡ್ ಒಪ್ಪದಿದ್ದರೆ ಪಿಸಿಐ ಸ್ಲಾಟಿಗೆ ಹಾಕುವ ಸಾಟಾ ಕಾರ್ಡ್ ಇದೆ. ಅದಕ್ಕೆ ತನ್ನದೇ ಬಯೋಸ್ ಇದ್ದರೆ ಅದರಿಂದಲೇ ಬೂಟ್ ಆಗುವುದೂ ಸಾಧ್ಯ. ಕೊಳ್ಳುವ ಮೊದಲು ಕಾರ್ಡಿನ ಮೇಲಿನ ಚಿಪ್ಪು ಮೇಲೆ ಹೇಳಿದ ವಿಟಿ6421ಎಲ್ ಅಲ್ಲವೆಂದು ನೋಡಿಕೊಳ್ಳಿ, ಇಲ್ಲವಾದರೆ ಬಿಟ್ಟು ಬಂದ ಬಾವಿಗೇ ಮತ್ತೆ ಬಿದ್ದಂತಾಗುತ್ತದೆ. ಸಾಟಾ ಇಲ್ಲದ ಬೋರ್ಡುಗಳಿಗೆ ಐಡಿಇಯಿಂದ ಸಾಟಾಗೆ ಬದಲಿಸುವ ಚಿಕ್ಕ ಹಲಗೆ ಸಿಗುತ್ತದೆ; ಅದನ್ನು 80 ತಂತಿಯ ಪಟ್ಟಿ ಕೇಬಲಿನ ತುದಿಗೆ ಮಾಸ್ಟರ್ ಆಗಿ ಜೋಡಿಸಬೇಕು.

ಕೊನೆಯ ನಿಲುಗಡೆ ವಿಂಡೋಸಿನದು. ಬಯೋಸಿನಲ್ಲಿ ಕಂಡ ಹೊಸ ಡಿಸ್ಕು ಮೈ ಕಂಪ್ಯೂಟರಿನಲ್ಲಿ ಕಾಣದಿರುವುದು ಸಹಜ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅದನ್ನು ಇನಿಶಿಯಲೈಸ್ ಮಾಡಿ, ಪಾರ್ಟಿಶನ್ ಮಾಡಿ, ಫಾರ್ಮ್ಯಾಟ್ ಮಾಡಬೇಕು. ಆದರೆ 2011ರಿಂದೀಚೆಗಿನ ಡಿಸ್ಕಾದರೆ ಈ ಕೆಲಸವನ್ನು ಎಕ್ಸ್‌ಪಿಯಲ್ಲಿ ಮಾಡಬಾರದು. ಎಕ್ಸ್‌ಪಿಯು ಪಾರ್ಟಿಶನನ್ನು 63ನೆಯ ಸೆಕ್ಟರಿನಿಂದ ಆರಂಭಿಸುತ್ತದೆ, ಈ ಡಿಸ್ಕುಗಳ ಒಳಗಿನ ಸೆಕ್ಟರ್ 4096 ಬೈಟಿನದು, ಎರಡರ ಅಂಚುಗಳು ಹೊಂದದೆ ಬರೆಯುವ ವೇಗ ಬಹಳ ಕುಸಿಯುತ್ತದೆ. ವಿಂಡೋಸ್ 7 ಇರುವ ಯಂತ್ರದಲ್ಲಿ ಅಥವಾ ಜಿಪಾರ್ಟೆಡ್ ಎಂಬ ವಿಭಜನಾ ತಂತ್ರಾಂಶದ ಸಿಡಿಯಿಂದ ಪಾರ್ಟಿಶನ್ ಮಾಡಿ ತಂದರೆ ಅದು 2048ನೆಯ ಸೆಕ್ಟರಿನಿಂದ ಆರಂಭವಾಗುತ್ತದೆ, ಎಕ್ಸ್‌ಪಿ ಅದರಲ್ಲಿ ತಕರಾರಿಲ್ಲದೆ ಕೂರುತ್ತದೆ.

ಪರೀಕ್ಷೆಗೆಂದು ಮಾವನ ಡಿಸ್ಕಿಗೆ ಯಕ್ಷಗಾನದ ವಿಡಿಯೋಗಳನ್ನು 150 ಜಿಬಿ ದಾಟುವವರೆಗೆ ತುಂಬಿಸಿ, ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿ, ಮೊದಲು ಹಾಕಿದ ಫೈಲೂ ಕೊನೆಯದೂ ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿದೆವು. ತೆರೆದವು. ಆಮೇಲೆ ಆ ವಿಡಿಯೋಗಳನ್ನು ಅಳಿಸಿ, ಹಳೆಯ ಡಿಸ್ಕಿನ ನಕಲನ್ನು ಹಾಕಿ, ಜಂಪರ್ 5 ಮತ್ತು 6ರಲ್ಲಿದೆ, ತೆಗೆಯಬಾರದು ಎಂದು ಆಮಂತ್ರಣ ಪತ್ರಿಕೆಯ ಉಳಿದ ಕಾಗದದ ಚೂರಿನಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದೆ.