ನಿದ್ರೆ ಮಾತ್ರೆ ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ? ಲೆಕ್ಕ ಹಾಕುವ ಕ್ರಮ

ಮಂಗಳೂರಿನಲ್ಲಿ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ನಮಗೆ ವರ್ಷವಿಡೀ ಎದುರಾಗುವ ಪ್ರಶ್ನೆಯೊಂದಿದೆ. ಗಲ್ಫಿಗೆ ಹೊರಟವರು, ಹಡಗಿನ ಕೆಲಸಕ್ಕೆ ಸೇರುವವರು ವೈದ್ಯಕೀಯ ತಪಾಸಣೆಯ ದಿನ ಗೊತ್ತಾದ ಮೇಲೆ ಅಂಗಡಿ ಖಾಲಿಯಾಗುವ ಹೊತ್ತು ನೋಡಿ ಬಂದು, ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಇದು ಮೈಯಿಂದ ಹೋಗ್ಲಿಕ್ಕೆ ಎಷ್ಟು ದಿನ ಬೇಕು?" ಈಚೆಗೆ ಸುರತ್ಕಲ್ ಕಡೆಯ ಯುವಕರೊಬ್ಬರು ಅಂಗೈಯಲ್ಲಿಟ್ಟು ತೋರಿಸಿದ್ದು ಕತ್ತರಿಯಿಂದ ಕತ್ತರಿಸಿದ ನಾಲ್ಕು ಮಾತ್ರೆಗಳ ತುಂಡನ್ನು. ಅದರ ಬೆನ್ನಿನ ಬೆಳ್ಳಿಹಾಳೆಯಲ್ಲಿ ಉಳಿದಿದ್ದದ್ದು "ಜೋಲಾಮ್" ಎಂಬ ಬಾಲ ಮತ್ತು 0.25 ಎಂಬ ಅಂಕೆ ಮಾತ್ರ. ಹೆಸರಿನ ತಲೆ ಇನ್ಯಾರದೋ ಮನೆಗೆ ಹೋಗಿತ್ತು.

ಆದ್ದರಿಂದ ಮೊದಲ ಕೆಲಸವೆಂದರೆ ಮಾತ್ರೆಯ ಸಾಲ್ಟ್ ಹೆಸರನ್ನು ಖಚಿತಪಡಿಸಿಕೊಳ್ಳುವುದು. ಕಂಪನಿ ಇಟ್ಟ ಹೆಸರು ಅಂಗಡಿಯಿಂದ ಅಂಗಡಿಗೆ ಬೇರೆಯಾಗಬಹುದು. ಒಳಗಿರುವ ಮದ್ದು ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಡಯಾಜೆಪಾಮ್, ಲೋರಜೆಪಾಮ್, ಜೋಲ್ಪಿಡೆಮ್ ಇವುಗಳಲ್ಲಿ ಯಾವುದು ಎಂಬುದೇ ಮುಖ್ಯ. ಹಾಳೆಯ ಮೇಲೆ ಹೆಸರು ಉಳಿದಿಲ್ಲವಾದರೆ ಕೊಂಡ ಅಂಗಡಿಗೇ ಹೋಗಿ ಕೇಳಿ. ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮುಂತಾದವು 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಎಂಬ ಬಿಗಿ ನಿಯಂತ್ರಣದ ಮದ್ದುಗಳ ಸರಕಾರಿ ಪಟ್ಟಿಯಲ್ಲಿರುವುದರಿಂದ ರೋಗಿಯ ಹೆಸರು, ಚೀಟಿ ಬರೆದ ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ನಾವು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕಾಗುತ್ತದೆ.

ಹೆಸರು ತಿಳಿದ ಮೇಲೆ ಅದರ ಅರ್ಧಾಯುಷ್ಯವನ್ನು ತಿಳಿಯಬೇಕು. ರಕ್ತದಲ್ಲಿರುವ ಮದ್ದಿನ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವೇ ಅರ್ಧಾಯುಷ್ಯ. ಒಂದು ಅರ್ಧಾಯುಷ್ಯ ಕಳೆದಾಗ ನೂರರಲ್ಲಿ 50, ಎರಡಕ್ಕೆ 25, ಮೂರಕ್ಕೆ 12.5, ನಾಲ್ಕಕ್ಕೆ 6.25, ಐದು ಕಳೆದಾಗ ಸುಮಾರು 3 ಭಾಗ ಉಳಿಯುತ್ತದೆ. ವೈದ್ಯರು "ಐದು ಅರ್ಧಾಯುಷ್ಯ ಆದರೆ ಹೆಚ್ಚುಕಡಿಮೆ ಹೋದ ಹಾಗೆ" ಎನ್ನುವುದು ಈ ಲೆಕ್ಕದ ಮೇಲೆಯೇ. ಆರೋಗ್ಯವಂತ ವಯಸ್ಕರಲ್ಲಿ ಆಲ್ಪ್ರಜೋಲಾಮಿನ ಸರಾಸರಿ ಅರ್ಧಾಯುಷ್ಯ ಸುಮಾರು 11 ಗಂಟೆ, ಅಂದರೆ ಐದರಿಂದ ಗುಣಿಸಿದರೆ 55 ಗಂಟೆ, ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು. ಜೋಲ್ಪಿಡೆಮ್‌ಗೆ ಎರಡೂವರೆ ಗಂಟೆಯಷ್ಟೇ ಆದ್ದರಿಂದ ಅರ್ಧ ದಿನದ ಆಸುಪಾಸು. ಕ್ಲೋನಜೆಪಾಮ್‌ಗೆ 30ರಿಂದ 40 ಗಂಟೆ ಹಿಡಿಯುವುದರಿಂದ ಆರರಿಂದ ಎಂಟು ದಿನ ಬೇಕು. ಡಯಾಜೆಪಾಮಿನ ಕತೆ ಇನ್ನೂ ಉದ್ದ: ಪಿತ್ತಜನಕಾಂಗ ಅಂದರೆ ಲಿವರ್ ಅದನ್ನು ಒಡೆದಾಗ ನಾರ್ಡಯಾಜೆಪಾಮ್ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ, ಅದೂ ಮಂಪರು ತರುವಂಥದ್ದೇ, ಮತ್ತು ಅದರ ಅರ್ಧಾಯುಷ್ಯ 100 ಗಂಟೆಯವರೆಗೂ, ಕೆಲವರಲ್ಲಿ ಅದಕ್ಕೂ ಮೀರಿ ಹೋಗುತ್ತದೆ. ನೂರನ್ನು ಐದರಿಂದ ಗುಣಿಸಿದರೆ ಮೂರು ವಾರವಾಯಿತು.

ಮೂರನೆಯದಾಗಿ, ಈ ಲೆಕ್ಕವನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಬೇಕು. ಒಂದೇ ಒಂದು ಮಾತ್ರೆ ನುಂಗಿದವರಿಗೂ ಆರು ತಿಂಗಳಿನಿಂದ ದಿನಾ ರಾತ್ರಿ ನುಂಗಿದವರಿಗೂ ವ್ಯತ್ಯಾಸವಿದೆ. ದೀರ್ಘಾಯುಷ್ಯದ, ಅಂದರೆ ಅರ್ಧಾಯುಷ್ಯ ಉದ್ದವಿರುವ, ಮದ್ದುಗಳು ಹಿಂದಿನ ದಿನದ ಉಳಿಕೆಯ ಮೇಲೆ ಇಂದಿನದು ಸೇರಿ ಮೈಯಲ್ಲಿ, ಅದರಲ್ಲೂ ಕೊಬ್ಬಿನಲ್ಲಿ, ಜಮೆಯಾಗುತ್ತವೆ. ಆಲ್ಪ್ರಜೋಲಾಮಿನ 11 ಗಂಟೆ ವಯಸ್ಸಾದವರಲ್ಲಿ ಸರಾಸರಿ 16ಕ್ಕೆ, ಕುಡಿತದಿಂದ ಲಿವರ್ ಕೆಟ್ಟವರಲ್ಲಿ ಸುಮಾರು 20ಕ್ಕೆ, ಸ್ಥೂಲದೇಹಿಗಳಲ್ಲಿ 22ರ ಹತ್ತಿರಕ್ಕೆ ಏರುತ್ತದೆ. ನಮ್ಮ ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಇಲ್ಲಿಯ ಸೆಕೆ, ಬೆವರು, ಮಳೆಗಾಲದ ಒದ್ದೆ ಬಟ್ಟೆಗಳಿಂದ ತೊಡೆಸಂದಿಗೆ ಹುಳುಕಡ್ಡಿಯಾಗದ ಮನೆ ಕಡಿಮೆ. ಅದಕ್ಕೆ ಬರೆದುಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲು, ಆಲ್ಪ್ರಜೋಲಾಮನ್ನು ಒಡೆಯುವ ಲಿವರಿನ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಚರ್ಮದ ವೈದ್ಯರಿಗೆ ನಿದ್ರೆ ಮಾತ್ರೆಯ ವಿಷಯ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಆದರೆ ಹೇಳಲೇಬೇಕು. ಎರಡೂ ಸೇರಿದರೆ ಮದ್ದು ಹೆಚ್ಚು ದಿನ ಉಳಿಯುವುದಷ್ಟೇ ಅಲ್ಲ, ಮಂಪರೂ ಅಪಾಯಕಾರಿಯಾಗಿ ಹೆಚ್ಚುತ್ತದೆ.

ಇನ್ನು ಪರೀಕ್ಷೆ ಯಾವುದರ ಮೇಲೆ ನಡೆಯುತ್ತದೆ ಎಂಬುದನ್ನು ವಿಚಾರಿಸಿ. ರಕ್ತದಲ್ಲಿ ಮತ್ತು ಎಂಜಲಿನಲ್ಲಿ ಸಿಗುವ ಅವಧಿ ಚಿಕ್ಕದು, ಅಲ್ಪಾಯುಷ್ಯದ ಮದ್ದಾದರೆ ಒಂದೆರಡು ದಿನ. ಮೂತ್ರದಲ್ಲಿ ಅಲ್ಪಾಯುಷ್ಯದವು ಸಾಮಾನ್ಯವಾಗಿ ಮೂರು ದಿನದ ಆಸುಪಾಸು, ದೀರ್ಘಾಯುಷ್ಯದವು ಹತ್ತು ದಿನದವರೆಗೆ, ಬಹುಕಾಲ ಡಯಾಜೆಪಾಮ್ ಸೇವಿಸಿದವರಲ್ಲಿ ತಿಂಗಳವರೆಗೂ ಕಾಣಿಸಬಹುದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಬುಡದಿಂದ 3 ಸೆಂಟಿಮೀಟರ್ ಕತ್ತರಿಸಿ ನೋಡಿದರೆ ಮೂರು ತಿಂಗಳ ಚರಿತ್ರೆ ಅದರಲ್ಲಿರುತ್ತದೆ.

ಮೂತ್ರದ ಪಟ್ಟಿ ಪರೀಕ್ಷೆಯ ಫಲಿತಾಂಶವನ್ನು ಮಾತ್ರ ವೇದವಾಕ್ಯವೆಂದು ತಿಳಿಯಬಾರದು. ಬೆಂಜೋಡಯಾಜೆಪಿನ್ (ಮೇಲೆ ಹೇಳಿದ ಮಾತ್ರೆಗಳಲ್ಲಿ ಜೋಲ್ಪಿಡೆಮ್ ಬಿಟ್ಟು ಉಳಿದವುಗಳ ಕುಟುಂಬದ ಹೆಸರು) ಎಂದು ಬರೆದಿರುವ ಹಲವು ಪಟ್ಟಿಗಳು ಡಯಾಜೆಪಾಮನ್ನು ಚೆನ್ನಾಗಿ ಹಿಡಿಯುತ್ತವೆ, ಲೋರಜೆಪಾಮ್ ಮತ್ತು ಕ್ಲೋನಜೆಪಾಮನ್ನು ಎಷ್ಟೋ ಸಲ ತಪ್ಪಿಸಿಬಿಡುತ್ತವೆ. ಜೋಲ್ಪಿಡೆಮ್ ಆ ಕುಟುಂಬಕ್ಕೇ ಸೇರದ ಕಾರಣ ಅದಕ್ಕೆ ಬೇರೆ ಪರೀಕ್ಷೆ ಬೇಕು. ಇದಕ್ಕೆ ವಿರುದ್ಧವಾಗಿ, ಖಿನ್ನತೆಗೆ ಕೊಡುವ ಸರ್ಟ್ರಲೀನ್ ನುಂಗುವವರಲ್ಲಿ ನಿದ್ರೆ ಮಾತ್ರೆಯನ್ನು ಮುಟ್ಟದಿದ್ದರೂ ಪಾಸಿಟಿವ್ ಬಂದದ್ದುಂಟು. ಅಂಥ ಸಂದರ್ಭದಲ್ಲಿ ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನದ ದೃಢೀಕರಣ ಪರೀಕ್ಷೆ ಮಾಡಿಸಿ ಎಂದು ಲಿಖಿತವಾಗಿ ಕೇಳಿಕೊಳ್ಳಿ. ವಸ್ತು ಯಾವುದೆಂದು ಬೇರ್ಪಡಿಸಿ ಹೇಳುವ ಶಕ್ತಿ ಅದಕ್ಕಿದೆ.

ಬಾರ್ಲಿ ನೀರು, ಎಳನೀರು, ಪುನರ್ಪುಳಿ ಶರಬತ್ತು ಕುಡಿದರೆ ಮದ್ದು ತೊಳೆದುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ಮಾತ್ರೆಗಳು ಕೊಬ್ಬಿನಲ್ಲಿ ಕರಗುವಂಥವು. ಲಿವರ್ ಅವುಗಳನ್ನು ನೀರಿನಲ್ಲಿ ಕರಗುವಂತೆ ಬದಲಿಸಿದ ಮೇಲೆ ಮಾತ್ರ ಮೂತ್ರಪಿಂಡ ಹೊರಹಾಕುತ್ತದೆ, ಮತ್ತು ನೀವು ಚೊಂಬುಗಟ್ಟಲೆ ಕುಡಿದರೂ ಲಿವರ್ ತನ್ನ ವೇಗವನ್ನು ಬದಲಿಸುವುದಿಲ್ಲ. ಮೂತ್ರ ತೀರಾ ನೀರಾಗಿದ್ದರೆ ಅದರಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ ನೋಡಿ ಪ್ರಯೋಗಾಲಯದವರು ಗುರುತಿಸಿ ಮತ್ತೊಮ್ಮೆ ಸ್ಯಾಂಪಲ್ ಕೇಳುತ್ತಾರೆ.

ಇದಕ್ಕಿಂತ ಎಷ್ಟೋ ಪಾಲು ಅಪಾಯದ್ದು, ತಪಾಸಣೆಗೆ ವಾರವಿದೆ ಎಂದು ಮಾತ್ರೆಯನ್ನು ಒಮ್ಮೆಲೇ ಬಿಡುವುದು. ದಿನಾ ತೆಗೆದುಕೊಳ್ಳುತ್ತಿದ್ದವರು ಹೀಗೆ ನಿಲ್ಲಿಸಿದರೆ ನಿದ್ರೆ ಕೆಡುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದರಿಂದ ಹಿಡಿದು ಅಪಸ್ಮಾರದ ಸೆಳವಿನವರೆಗೂ ಆಗಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ನಾನು ಆ ಯುವಕರಿಗೆ ದಿನಗಳ ಲೆಕ್ಕ ಹೇಳುವ ಮೊದಲು ಹೇಳಿದ ಮಾತು ಇದೇ. ಬಿಡಬೇಕೆಂದಿದ್ದರೆ ಬರೆದುಕೊಟ್ಟ ವೈದ್ಯರೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಕೂಡಲೇ ವೈದ್ಯರು ಸಿಗದೆ ಕಂಗೆಟ್ಟವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸೆಳವು ಬಂದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಪರೀಕ್ಷೆಯಲ್ಲಿ ಕಾಣುವುದು ಬೇರೆ, ಮಂಪರು ಇರುವುದು ಬೇರೆ. ಮೂತ್ರದಲ್ಲಿ ಕಂಡಿತೆಂದ ಮಾತ್ರಕ್ಕೆ ಆ ಹೊತ್ತಿಗೆ ಅಮಲಿದೆ ಎಂದಲ್ಲ. ಎಚ್ಚರವಾಗಿದ್ದೇನೆ ಅನಿಸಿದ ಮಾತ್ರಕ್ಕೆ ಪರಿಣಾಮ ಇಳಿದಿದೆ ಎಂದೂ ಅಲ್ಲ. ರಾತ್ರಿ ನುಂಗಿದ ಜೋಲ್ಪಿಡೆಮ್ ಬೆಳಿಗ್ಗೆಯೂ ವಾಹನ ಚಾಲನೆಗೆ ತೊಡಕಾಗುವಷ್ಟು ಉಳಿಯಬಹುದೆಂದು ಕಂಡ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, 2013ರಲ್ಲಿ ಮಹಿಳೆಯರ ಸಾಮಾನ್ಯ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಎಂಡೋಸ್ಕೋಪಿಗೆ ಮಂಪರು ಬರಿಸುವ ಮಿಡಜೋಲಾಮ್ ಚುಚ್ಚಿಸಿಕೊಂಡವರು ಅದೇ ಮಧ್ಯಾಹ್ನ ನಂತೂರು ಸರ್ಕಲಿನಲ್ಲಿ ಸ್ಕೂಟರ್ ಓಡಿಸುವುದು ನನಗೆ ಗಾಬರಿ ಹುಟ್ಟಿಸುತ್ತದೆ. ಒಂದು ಪೂರ್ತಿ ದಿನ ಅವರು ಹಿಂದಿನ ಸೀಟಿನಲ್ಲೇ ಕೂರಬೇಕು.

ಕೊನೆಯದಾಗಿ ಕಾಗದಪತ್ರ. ವೈದ್ಯರಿಂದ ಲೆಟರ್‌ಹೆಡ್‌ನಲ್ಲಿ ಪತ್ರ ಪಡೆಯಿರಿ. ಅದರಲ್ಲಿ ಸಾಲ್ಟ್ ಹೆಸರು, ಡೋಸ್, ಯಾವ ಕಾಯಿಲೆಗೆ, ಎಂದಿನಿಂದ ಎಂಬುದಿರಲಿ, ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ಸ್ಯಾಂಪಲ್ ಕೊಡುವ ಮೊದಲೇ ಪ್ರಯೋಗಾಲಯದವರಿಗೆ ಅದನ್ನು ತೋರಿಸಿ, ಅವರ ನಮೂನೆಯಲ್ಲಿ ಬರೆಸಿ. ಮದ್ದನ್ನು ಜೊತೆಗೆ ಒಯ್ಯುವವರು ಆಯಾ ದೇಶದ ನಿಯಮವನ್ನು ಮೊದಲೇ ತಿಳಿದುಕೊಳ್ಳಬೇಕು. ಯುಎಇಗೆ ಇಂಥ ನಿಯಂತ್ರಿತ ಮದ್ದು ಒಯ್ಯಲು ಅಲ್ಲಿಯ ಸರಕಾರದ ಪೂರ್ವಾನುಮತಿ ಬೇಕು. ಸುರತ್ಕಲ್ಲಿನ ಆ ಯುವಕರು ಎರಡು ದಿನ ಬಿಟ್ಟು ಪತ್ರದೊಂದಿಗೆ ಮತ್ತೆ ಬಂದರು. ಈ ಸಲ ನಾನು ಹಾಳೆಯನ್ನು ಕತ್ತರಿಸದೆ, ಹೆಸರು, ಬ್ಯಾಚ್ ನಂಬರು, ಅವಧಿಯ ದಿನಾಂಕ ಮೂರೂ ಓದಲು ಬರುವಂತೆ, ಚೀಟಿಯಲ್ಲಿದ್ದ ಹತ್ತು ಮಾತ್ರೆಗಳ ಪೂರ್ತಿ ಎಲೆಯನ್ನೇ ಬಿಲ್ಲಿನೊಂದಿಗೆ ಕೊಟ್ಟೆ.