ಮಂಡಿ ನೋವಿಗೆ ವಿಡಿಯೊ ಕಾಲ್: ಮೊದಲು ಫೋನನ್ನು ಕೈಯಿಂದ ಇಳಿಸಿ

ಬೈಕಿನಿಂದ ಬಿದ್ದು ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದುಕೊಂಡವರಿಗೆ ಕೆಲವು ವರ್ಷಗಳ ನಂತರ ಅದೇ ಮಂಡಿಯಲ್ಲಿ ಸವೆತ, ಅಂದರೆ ಮೂಳೆ ತುದಿಯ ಮೆತ್ತೆ ಸವೆಯುವುದು, ಕಾಣಿಸಿಕೊಳ್ಳಬಹುದು. ಇದನ್ನು ಒಮ್ಮೆ ನೇರವಾಗಿ ತೋರಿಸಿದ ಮೇಲೆ, ಮುಂದಿನ ಎಷ್ಟೋ ಭೇಟಿಗಳಿಗೆ ವಿಡಿಯೊ ಕಾಲ್ ಸಾಕು. ಆದರೆ ನಮ್ಮ ಮನೆಯಲ್ಲೂ ಅಕ್ಕಪಕ್ಕದಲ್ಲೂ ನಾನು ನೋಡಿದ್ದು ಒಂದೇ ತಪ್ಪು. ಕಾಲ್ ಮುಗಿಯುವವರೆಗೂ ಡಾಕ್ಟರಿಗೆ ಮುಖ ಕಾಣುತ್ತದೆ, ಮಂಡಿ ಕಾಣುವುದೇ ಇಲ್ಲ!

ಮೊದಲ ಹೆಜ್ಜೆ ಸುಲಭ. ವಿಡಿಯೊದಲ್ಲೇ ಡಾಕ್ಟರನ್ನು ಕಾಣಿಸುವ ಕೇಂದ್ರ ಸರ್ಕಾರದ ಸೇವೆ ಇ-ಸಂಜೀವನಿ ಉಚಿತ. ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿ, ಟೋಕನ್ ಪಡೆಯಿರಿ. ನಿಮ್ಮ ಮೂಳೆ ಡಾಕ್ಟರೇ ವಿಡಿಯೊದಲ್ಲಿ ಸಿಗುವುದಾದರೆ ನಾನು ಅವರನ್ನೇ ಆರಿಸುತ್ತೇನೆ. ಹಳೆಯ ಪೆಟ್ಟಿನ ಕಥೆ ಅವರಿಗೆ ಗೊತ್ತಿರುತ್ತದೆ, ಅಲ್ವಾ?

ಎರಡನೆಯದು, ಚೀಟಿ. ಪೆಟ್ಟು ಬಿದ್ದ ವರ್ಷ, ಆಪರೇಷನ್ ಆಗಿದ್ದರೆ ಅದರ ವಿವರ, ಬೆಳಗ್ಗೆ ಮಂಡಿ ಎಷ್ಟು ನಿಮಿಷ ಬಿಗಿದಿರುತ್ತದೆ ಎಂಬುದನ್ನು ಬರೆಯಿರಿ. ಸವೆತದಲ್ಲಿ ಈ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಜಾಸ್ತಿ ಹೊತ್ತು ಇದ್ದರೆ ಬೇರೆ ಬಗೆಯ ವಾತ ಇರಬಹುದು. ಬಿಪಿ, ಶುಗರ್, ಕಿಡ್ನಿ, ಗ್ಯಾಸ್ಟ್ರಿಕ್ ತೊಂದರೆಯನ್ನು ಮುಚ್ಚಿಡಬೇಡಿ. ನೋವಿನ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಕೊಡಬಲ್ಲದು. ಡಾಕ್ಟರ್ ಹಿಂದೆ ಬರೆದುಕೊಟ್ಟ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ತರುವ ಅಡ್ಡದಾರಿ ಖಂಡಿತ ಬೇಡ.

ಈಗ ಕಷ್ಟದ ಭಾಗ. ಫೋನನ್ನು ಕುರ್ಚಿಯ ಮೇಲೆ, ಮಂಡಿಯ ಎತ್ತರಕ್ಕೆ, ಡಬ್ಬಕ್ಕೆ ಒರಗಿಸಿ ಅಡ್ಡಲಾಗಿ ಇಡಿ. ಕಿಟಕಿ ಫೋನಿನ ಹಿಂದಿರಲಿ, ನಿಮ್ಮ ಬೆನ್ನಿಗಿದ್ದರೆ ಕಾಲು ಕಪ್ಪಾಗಿ ಕಾಣುತ್ತದೆ. ಚಡ್ಡಿ ಹಾಕಿ, ಇಲ್ಲವೇ ಪಂಚೆಯನ್ನೋ ಸೀರೆಯನ್ನೋ ಮಂಡಿಯಿಂದ ಒಂದು ಗೇಣು ಮೇಲೆತ್ತಿ. ಎರಡೂ ಮಂಡಿ ಒಟ್ಟಿಗೆ ತೋರಿಸಿ. ಊತ ಗೊತ್ತಾಗುವುದು ಹೋಲಿಸಿದಾಗಲೇ. ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ಮುಟ್ಟಿ. ಪಕ್ಕಕ್ಕೆ ತಿರುಗಿ ಕುಳಿತು ಕಾಲು ಪೂರ್ತಿ ಚಾಚಿ, ಆಮೇಲೆ ಆದಷ್ಟು ಮಡಿಸಿ. ಕೈ ಊರದೆ ಎದ್ದು ನಿಲ್ಲಲು ನೋಡಿ. ಕೊನೆಗೆ ನಾಲ್ಕೈದು ಹೆಜ್ಜೆ ಫೋನಿನ ಕಡೆಗೆ, ಮತ್ತೆ ತಿರುಗಿ ವಾಪಸ್ ನಡೆಯಿರಿ. ಚಪ್ಪಲಿ ಬೇಡ, ಪಕ್ಕದಲ್ಲಿ ಒಬ್ಬರು ಇರಲಿ. ಹಿಂದಿನ ದಿನ ಒಮ್ಮೆ ಅಭ್ಯಾಸ ಮಾಡಿಬಿಡಿ.

ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಫ್ಲ್ಯಾಶ್ ಆಫ್ ಮಾಡಿ, ಫೋಟೊ ತೆಗೆದು ಮೊದಲೇ ಕಳಿಸಿ. ಹೊಸದು ಬೇಕೆಂದರೆ, ನಿಂತು ತೆಗೆಸಬೇಕಾ ಎಂದು ಕೇಳಿ. ಮಲಗಿ ತೆಗೆದದ್ದರಲ್ಲಿ ಸವೆತ ಕಡಿಮೆ ಕಾಣಬಹುದು.

ಡಾಕ್ಟರ್ ಹೇಳಿದ ವ್ಯಾಯಾಮವನ್ನು ಕಾಲ್ ಇರುವಾಗಲೇ ಮಾಡಿ ತೋರಿಸಿ. ಸವೆದದ್ದನ್ನು ಮತ್ತೆ ಬೆಳೆಸುತ್ತೇವೆ ಎನ್ನುವ ಎಣ್ಣೆಗೆ ಸುಮ್ನೆ ದುಡ್ಡು ಸುರಿಯಬೇಡಿ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ನಿಜವಾದ ಆಸರೆ ಸಿಗುತ್ತದೆ.

ಮಂಡಿ ಕೆಂಪಾಗಿ ಬಿಸಿಯಾಗಿದ್ದು ಜ್ವರವಿದ್ದರೆ, ಮಂಡಿ ಸಿಕ್ಕಿಕೊಂಡು ಚಾಚಲಾಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ವಿಡಿಯೊಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.