ಬ್ಲ್ಯಾಕ್‌ಜಾಕ್ ಟೂರ್ನಮೆಂಟ್: ಕೊನೆಯ ಆಟದ ಲೆಕ್ಕಾಚಾರ

ಬ್ಲ್ಯಾಕ್‌ಜಾಕ್ ಅಂದರೆ ಇಸ್ಪೀಟ್ ಎಲೆಗಳ ಮೊತ್ತ 21 ದಾಟದಂತೆ, ಎಲೆ ಹಂಚುವ ಡೀಲರ್‌ಗಿಂತ ಹೆಚ್ಚು ಮಾಡುವ ಆಟ. ಚಿತ್ರದ ಎಲೆಗೆ ಹತ್ತು, ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಲಾಸ್ ವೇಗಸ್‌ನ ಕ್ಯಾಸಿನೊಗಳಲ್ಲಿ ನಡೆಯುವ ಬ್ಲ್ಯಾಕ್‌ಜಾಕ್ ಟೂರ್ನಮೆಂಟಿನಲ್ಲಿ ಒಂದೊಂದು ಮೇಜಿಗೆ ಆರೇಳು ಜನ ಕೂರುತ್ತಾರೆ. ಎಲ್ಲರಿಗೂ ಸಮನಾಗಿ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆಗಳನ್ನು ಕೊಡುತ್ತಾರೆ. ಆ ಚಿಪ್ಸನ್ನು ಹಣವಾಗಿ ಬದಲಿಸಿಕೊಳ್ಳಲಾಗದು. ಇಪ್ಪತ್ತರಿಂದ ಮೂವತ್ತು ಆಟ ಮುಗಿದಾಗ ಯಾರ ಮುಂದೆ ಹೆಚ್ಚು ಚಿಪ್ಸ್ ಇರುತ್ತವೋ ಅವರೊಬ್ಬರು, ಕೆಲವೆಡೆ ಮೊದಲ ಇಬ್ಬರು, ಮುಂದಿನ ಸುತ್ತಿಗೆ ಹೋಗುತ್ತಾರೆ. 1000ದಿಂದ ಶುರುಮಾಡಿ 300ಕ್ಕೆ ಇಳಿದಿದ್ದರೂ ಮಿಕ್ಕವರೆಲ್ಲ 290ರೊಳಗಿದ್ದರೆ ಗೆದ್ದವನು ನಾನೇ. ಆದ್ದರಿಂದ ಡೀಲರ್‌ನನ್ನು ಸೋಲಿಸುವುದಕ್ಕಿಂತ ಪಕ್ಕದವರ ಚಿಪ್ಸ್ ಎಣಿಸುವುದೇ ಇಲ್ಲಿ ದೊಡ್ಡ ಕೆಲಸ.

ಹೆಸರು ಕೊಡುವ ಮೊದಲು ನಾನು ನಿಯಮಗಳ ಹಾಳೆ ಕೇಳಿ ಪಡೆಯುತ್ತೇನೆ. ಕನಿಷ್ಠ ಮತ್ತು ಗರಿಷ್ಠ ಬೆಟ್ ಎಷ್ಟು, ಒಟ್ಟು ಎಷ್ಟು ಆಟ, ಮೊದಲ ಎರಡೇ ಎಲೆಗೆ ಎಕ್ಕ ಮತ್ತು ಹತ್ತು ಬಂದ ಬ್ಲ್ಯಾಕ್‌ಜಾಕ್‌ಗೆ ಒಂದೂವರೆ ಪಟ್ಟು ಕೊಡುತ್ತಾರೆಯೇ, ಯಾವ ಎರಡು ಎಲೆಗೂ ಡಬಲ್ (ಬೆಟ್ ಇಮ್ಮಡಿಸಿ ಇನ್ನೊಂದೇ ಎಲೆ ಪಡೆಯುವುದು) ಮಾಡಬಹುದೇ, ಅರ್ಧ ಬೆಟ್ ಬಿಟ್ಟುಕೊಟ್ಟು ಆಟದಿಂದ ಹಿಂದೆ ಸರಿಯಬಹುದೇ, ಬೆಟ್ ಇಡಲು ಎಷ್ಟು ಸೆಕೆಂಡ್, ಇಬ್ಬರೂ ಸಮವಾದರೆ ಏನು ಎಂಬುದೆಲ್ಲ ಅದರಲ್ಲಿರಬೇಕು. ಜೊತೆಗೆ ಬಹುಮಾನದ ಮೊತ್ತವನ್ನೂ ನೋಡುತ್ತೇನೆ. 60 ಜನ ತಲಾ 100 ಡಾಲರ್ ಕಟ್ಟಿ, ಬಹುಮಾನ 6000 ಇದ್ದರೆ ಎಲ್ಲ ಹಣ ಆಟಗಾರರಿಗೇ ಮರಳುತ್ತದೆ. 5000 ಮಾತ್ರ ಇದ್ದರೆ 1000 ಕ್ಯಾಸಿನೊದ ಪಾಲು, ಅಂಥದಕ್ಕೆ ನಾನು ಹೋಗುವುದಿಲ್ಲ.

ಮೊದಲು ಯಾರು ಬೆಟ್ ಇಡಬೇಕು ಎಂಬುದನ್ನು ಬಟನ್ ಎಂಬ ಗುರುತಿನ ಬಿಲ್ಲೆ ಹೇಳುತ್ತದೆ. ಆಟಕ್ಕೊಮ್ಮೆ ಅದು ಒಂದು ಕುರ್ಚಿ ಮುಂದಕ್ಕೆ ಹೋಗುತ್ತದೆ. ಕೂತ ತಕ್ಷಣ ಕೊನೆಯ ಆಟದಲ್ಲಿ ಬಟನ್ ಯಾರ ಮುಂದಿರುತ್ತದೆ ಎಂದು ಎಣಿಸಿಟ್ಟುಕೊಳ್ಳುತ್ತೇನೆ. ಕೊನೆಗೆ ಬೆಟ್ ಇಡುವವನಿಗೆ ಎಲ್ಲರ ಬೆಟ್ ಕಾಣುತ್ತದೆ, ಈ ಆಟದಲ್ಲಿ ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಮೊದಲ ಹದಿನೈದು ಆಟ ನಾನು ಕನಿಷ್ಠ ಬೆಟ್ಟಿನ ಹತ್ತಿರವೇ ಇರುತ್ತೇನೆ, ಎಲೆಗಳನ್ನು ಯಾವ ಕೈಗೆ ಏನು ಮಾಡಬೇಕೆಂಬ ಮಾಮೂಲಿ ಮೂಲ ತಂತ್ರದಂತೆಯೇ ಆಡುತ್ತೇನೆ: ಎರಡು ಎಂಟು ಅಥವಾ ಎರಡು ಎಕ್ಕ ಬಂದರೆ ಸ್ಪ್ಲಿಟ್ (ಅಷ್ಟೇ ಬೆಟ್ ಇನ್ನೊಂದು ಇಟ್ಟು ಎರಡು ಕೈಯಾಗಿ ಬೇರ್ಪಡಿಸುವುದು), ಡೀಲರ್ ಹತ್ತು ತೋರಿಸುವಾಗ 16ಕ್ಕೆ ಇನ್ನೊಂದು ಎಲೆ. ಅವಸರದವರು ದೊಡ್ಡ ಬೆಟ್ ಇಟ್ಟು ತಾವಾಗಿಯೇ ಹೊರಬೀಳುತ್ತಾರೆ. ಯಾರಾದರೂ ಒಂದು ಗರಿಷ್ಠ ಬೆಟ್ಟಿಗಿಂತ ಹೆಚ್ಚು ಮುಂದೆ ಹೋದರೆ, ಐದಾರು ಆಟ ಉಳಿದಿರುವಾಗಲೇ ಬೆಟ್ ಏರಿಸುತ್ತೇನೆ. ಕೊನೆಯ ಆಟದವರೆಗೆ ಕಾದರೆ ಡಬಲ್ ಅಥವಾ ಸ್ಪ್ಲಿಟ್ ಸಿಗದೆ ಹಿಡಿಯಲಾಗದು. ಹಿಂದಿರುವಾಗ ಮುಂದಿರುವವನಿಗೆ ಉಲ್ಟಾ ನಡೆಯಬೇಕು: ಅವನು ಸಣ್ಣದು ಇಟ್ಟರೆ ನಾನು ದೊಡ್ಡದು, ಅವನು ದೊಡ್ಡದು ಇಟ್ಟರೆ ನಾನು ಸಣ್ಣದು. ಎಲ್ಲರೂ ಒಬ್ಬನೇ ಡೀಲರ್‌ನ ಎದುರು ಆಡುವುದರಿಂದ ಸೋಲು ಗೆಲುವು ಬಹಳ ಸಲ ಒಟ್ಟಿಗೇ ಬರುತ್ತವೆ. ಅವನಷ್ಟೇ ಬೆಟ್ ಇಟ್ಟುಕೊಂಡು ಹೋದರೆ ಅಂತರ ಹಾಗೇ ಉಳಿಯುತ್ತದೆ.

ಈಗ ಕೊನೆಯ ಆಟ. ಗರಿಷ್ಠ ಬೆಟ್ 500, ಕನಿಷ್ಠ 10 ಎಂದಿಟ್ಟುಕೊಳ್ಳಿ. ನನ್ನ ಬಳಿ 1200, ಎದುರಾಳಿಯ ಬಳಿ 1000. ಅವನು ಮೊದಲು 300 ಇಟ್ಟ. ಗೆದ್ದರೆ 1300, ಸೋತರೆ 700, ಪುಶ್ ಆದರೆ, ಅಂದರೆ ಡೀಲರ್‌ಗೆ ಸಮವಾಗಿ ಬೆಟ್ ಹಾಗೇ ಮರಳಿದರೆ, 1000. ಹೊಸಬರು ಇಲ್ಲಿ ಮುನ್ನಡೆ ಕಾಪಾಡಿಕೊಳ್ಳಲು 10 ಇಟ್ಟು ಕೂರುತ್ತಾರೆ. ಆಗ ಅವನು ಗೆದ್ದರೆ ಸಾಕು, ನಮ್ಮ ಆಟ ಮುಗಿಯಿತು. 110 ಇಟ್ಟರೆ ಗೆದ್ದಾಗ 1310, ಸೋತಾಗಲೂ 1090. ಮೇಲೂ ಕೆಳಗೂ ಅವನನ್ನು ಮುಚ್ಚಿದಂತಾಯಿತು. ಆದರೆ ಅವನು ಡಬಲ್ ಮಾಡಿ ಗೆದ್ದರೆ 1600 ಆಗುತ್ತದೆ, ನಾನು 110ನ್ನು ಡಬಲ್ ಮಾಡಿದರೂ 1420ಕ್ಕೇ ನಿಲ್ಲುತ್ತೇನೆ. ಆದ್ದರಿಂದ ನಾನು ಇಡುವುದು 210. ಡಬಲ್‌ಗೆ ಡಬಲ್ ಕೊಟ್ಟು ಗೆದ್ದರೆ 1620. ಇಬ್ಬರೂ ಸೋತರೆ 990 ಎದುರು 700. ಬಿಟ್ಟುಕೊಟ್ಟದ್ದು ಒಂದೇ: ಅವನದು ಪುಶ್ ಆಗಿ ನಾನು ಸೋತರೆ 990 ಎದುರು 1000. ಪುಶ್ ಆಗುವುದೇ ನೂರಕ್ಕೆ ಎಂಟೊಂಬತ್ತು ಸಲ, ಹಾಗಾಗಿ ಆ ಅಪಾಯ ಸಣ್ಣದು.

ಅದೇ ಚಿಪ್ಸ್ ಇದ್ದು ನಾನೇ ಮೊದಲು ಬೆಟ್ ಇಡಬೇಕಾದರೆ ಲೆಕ್ಕ ಬೇರೆ. 500 ಇಟ್ಟರೆ ಅವನು 10 ಇಟ್ಟು ಸುಮ್ಮನೆ ಕೂರುತ್ತಾನೆ. ನಾನು ಸೋಲುವುದು ನೂರಕ್ಕೆ ಸುಮಾರು 48 ಸಲ, ಆಗೆಲ್ಲ ನನ್ನ ಬಳಿ 700 ಮಾತ್ರ. ಮುನ್ನಡೆಗಿಂತ ಹತ್ತು ಕಡಿಮೆ, ಅಂದರೆ 190 ಇಟ್ಟರೆ ಸೋತರೂ 1010 ಉಳಿಯುತ್ತದೆ. ಅವನು ಕೂತಲ್ಲೇ ಗೆಲ್ಲಲಾರ, ಡೀಲರ್‌ನನ್ನು ಸೋಲಿಸಲೇಬೇಕು. ಅದು ನೂರಕ್ಕೆ 43ರ ಆಸುಪಾಸು. ನನಗೆ 11 ಬಂದರೆ ಡಬಲ್ ಮಾಡಿ 1580ಕ್ಕೆ ಹೋಗಬಹುದು, ಅವನ 500ರ ಸಾದಾ ಗೆಲುವು 1500 ಅದಕ್ಕೆ ಸಾಲದು.

ಹಿಂದಿರುವವನು ನಾನಾಗಿದ್ದು, 1200 ಇರುವವನು ಗಾಬರಿಯಿಂದ 500 ಇಟ್ಟುಬಿಟ್ಟರೆ ಅದಕ್ಕಿಂತ ಒಳ್ಳೆಯದು ಬೇಡ. ನನ್ನ 1000ದಲ್ಲಿ 290 ಇಡುತ್ತೇನೆ. ಇಬ್ಬರೂ ಸೋತರೆ 710 ಎದುರು 700. ಅವನದು ಪುಶ್ ಆಗಿ ನಾನು ಗೆದ್ದರೆ 1290 ಎದುರು 1200. ಇಲ್ಲಿ 300 ಇಟ್ಟರೆ 700ಕ್ಕೆ 700 ಸಮವಾಗಿ ನಿಲ್ಲುತ್ತದೆ. ಒಂದು ಹತ್ತರ ಚಿಪ್ಪಿನಿಂದ ಇಡೀ ಸುತ್ತು ಕೈತಪ್ಪುವುದು ಹೀಗೆಯೇ.

ಎಲೆ ಬಿದ್ದ ಮೇಲೆ ಕೊನೆಯ ಆಟದಲ್ಲಿ ಮೂಲ ತಂತ್ರ ಪಕ್ಕಕ್ಕೆ ಸರಿಯುತ್ತದೆ. ಇಬ್ಬರ ಬೆಟ್ಟೂ ಒಂದೇ, ನಾನು ಸ್ವಲ್ಪ ಹಿಂದೆ, ಅವನು ಎಲೆ ಸಾಕೆಂದು 19ಕ್ಕೆ ನಿಂತ, ನನ್ನದು 18. ಇಲ್ಲಿ ನಿಂತರೆ ಅವನು ಸೋತಾಗಲೆಲ್ಲ ನಾನೂ ಸೋಲುತ್ತೇನೆ, ಅಂತರ ಕರಗುವ ದಾರಿಯೇ ಇಲ್ಲ. ಎಲೆ ಕೇಳಲೇಬೇಕು, ಎರಡೋ ಮೂರೋ ಬಂದರೆ ಮಾತ್ರ ಜೀವ. ಎರಡು ಬೆಟ್ ಗೆಲ್ಲಲೇಬೇಕಾಗಿ ಕೈಯಲ್ಲಿ ಎರಡು ಹತ್ತು ಸೇರಿ 20 ಇದ್ದರೆ ಡಬಲ್ ಬೇಡ, ಎಕ್ಕ ಬಿಟ್ಟು ಯಾವ ಎಲೆ ಬಂದರೂ ಬಸ್ಟ್, ಅಂದರೆ 21 ದಾಟಿ ಸೋಲು. ಅವನ್ನು ಸ್ಪ್ಲಿಟ್ ಮಾಡಿ. ಎಕ್ಕ ಮತ್ತು ಎಂಟು ಇದ್ದರೆ ಧೈರ್ಯವಾಗಿ ಡಬಲ್ ಮಾಡಿ, ಒಂದು ಎಲೆಗೆ ಅದು ಬಸ್ಟ್ ಆಗುವುದಿಲ್ಲ.

2006ರ ಅಲ್ಟಿಮೇಟ್ ಬ್ಲ್ಯಾಕ್‌ಜಾಕ್ ಟೂರ್ ರೀತಿಯ ನಿಯಮವಿದ್ದರೆ 8, 16 ಮತ್ತು 25ನೇ ಆಟಗಳಲ್ಲಿ ಅತಿ ಕಡಿಮೆ ಚಿಪ್ಸ್ ಇರುವವನು ಹೊರಗೆ. ಆಗ ಮೇಲೆ ಹೇಳಿದ ಲೆಕ್ಕವನ್ನು ತಲೆಕೆಳಗಾಗಿಸಿ, ಮುಂದಿರುವವನನ್ನು ಬಿಟ್ಟು ತೀರಾ ಹಿಂದಿರುವವನ ಚಿಪ್ಸ್ ಎಣಿಸಬೇಕು. ಅಂಥ ನಿಯಮದಲ್ಲಿ ಸುತ್ತಿಗೊಮ್ಮೆ ಬೇರೆಯವರಿಗೆ ಕಾಣದಂತೆ ಮುಚ್ಚಿದ ಬೆಟ್ ಇಡುವ ಅವಕಾಶವಿರುತ್ತದೆ. ಅದನ್ನು ನಾನೇ ಮೊದಲು ಬೆಟ್ ಇಡಬೇಕಾದ ಆಟಕ್ಕೆಂದು ಉಳಿಸಿಕೊಳ್ಳುತ್ತೇನೆ.